ಕಸ ಕದ್ದವಳು

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ದೊಡ್ಡಪ್ಪ ಮಾತ್ರ ಒಪ್ಪುವುದಿಲ್ಲ. "ಮೂಗಿನ ತುದೀಲಿ ಇದ್ದಿದ್ರೆ ಒಂದು ಸಲ ಸೀನಿದಾಗ ಹಾರಿಹೋಗ್ತಿತ್ತು ಬಿಡಿ. ಇವಳದ್ದು ಒಳಗೆ ಎರಡೆರಡು ಹೊಲಿಗೆ ಬಿದ್ದು ಕೂತಿರೋ ಸಿಟ್ಟು" ಎನ್ನುತ್ತಾರೆ. ಹಾಗೆಂದು, ತಾವು ಅವಳ ಕೈಗೆ ಸಿಗುವಷ್ಟು ಹತ್ತಿರದಲ್ಲಿಲ್ಲ ಎಂಬುದನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

ಆ ಹೊಲಿಗೆ ಹಾಕಿದವರು ಯಾರೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಮನುಷ್ಯ, ಒಂದು ಗೇಟಿನ ಮುಂದೆ, ಜೊತೆಯಲ್ಲಿ ದುಡಿಯುವ ಹೆಂಗಸರೆಲ್ಲ ನೋಡುತ್ತಿರುವಾಗ ಅವಳನ್ನು ಕಳ್ಳಿ ಎಂದ. ಅದೇ ಮನುಷ್ಯ, ಅದೇ ಗೇಟಿನಲ್ಲಿ, ಅದೇ ಹೆಂಗಸರ ಎದುರಿಗೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ. "ಆದದ್ದಾಯಿತು, ಮರೆತುಬಿಡು" ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ನಿನ್ನನ್ನ ಅಂದಿದ್ರೆ ನೀನು ಮರೀತಿದ್ದೆ. ನನ್ನನ್ನ ಅಂದ."

ಮೊದಲು ಅವಳ ಕೆಲಸದ ವಿಷಯ ಹೇಳಬೇಕು. ಕೆಲಸ ಹೇಳದೆ ಅವಳನ್ನು ಹೇಳಲು ಬರುವುದಿಲ್ಲ.

ದೊಡ್ಡಮ್ಮ ಚಿಂದಿ ಬಟ್ಟೆಯಿಂದ ಕೌದಿ ಹೊಲಿಯುತ್ತಾಳೆ. ತನಗಾಗಿ ಹೊಲಿಯುವುದು ಒಂದು, ಬೇರೆಯವರ ಕೌದಿಗಳನ್ನು ಮುಗಿಸಿಕೊಡುವುದು ಇನ್ನೊಂದು. ಜನ ತಮ್ಮ ಮನೆಯ ಹಳೆಯ ಅಂಗಿ, ಪರದೆ, ಮಕ್ಕಳ ಫ್ರಾಕು, ದಿಂಬಿನ ಚೀಲಗಳನ್ನು ಕತ್ತರಿಸಿ, ತುಂಡಿಗೆ ತುಂಡು ಸೇರಿಸಿ, ಹಾಸಿಗೆಯಷ್ಟು ಅಗಲದ ಬಟ್ಟೆ ಮಾಡಿ ತರುತ್ತಾರೆ. ಅದು ಮೇಲುಬಟ್ಟೆ. ಅದರ ಕೆಳಗೆ ಹತ್ತಿಯ ಹಾಸು, ಎಲ್ಲಕ್ಕಿಂತ ಕೆಳಗೆ ಅಡಿಬಟ್ಟೆ. ಈ ಮೂರನ್ನೂ ಒಂದು ಮಾಡುವ ಹೊಲಿಗೆ ಮನೆಯ ಸಣ್ಣ ಮೆಷಿನ್ನಿಗೆ ಬಗ್ಗುವುದಿಲ್ಲ, ಕೈಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆಂದೇ ದೊಡ್ಡಮ್ಮನ ಮುಂಗೋಣೆಯಲ್ಲಿ ಉದ್ದ ತೋಳಿನ ಕ್ವಿಲ್ಟಿಂಗ್ ಮೆಷಿನ್ ಇದೆ. ಹಾಸಿಗೆ ಹೊಲಿಯುವ ಕಾರ್ಖಾನೆಯೊಂದು ಮುಚ್ಚಿದಾಗ ತುಕ್ಕು ಹಿಡಿದು ಬಿದ್ದಿದ್ದದ್ದನ್ನು, ಹೊಲಿಗೆ ಮೆಷಿನ್ ರಿಪೇರಿ ಮಾಡುವ ದೊಡ್ಡಪ್ಪ ಬಿಚ್ಚಿ ತಂದು, ತೊಳೆದು, ಎಣ್ಣೆ ಕುಡಿಸಿ ಜೋಡಿಸಿಕೊಟ್ಟಿದ್ದು. ಅದರ ಚೌಕಟ್ಟು ಎಷ್ಟು ಉದ್ದ ಎಂದರೆ, ಅಡುಗೆಮನೆಗೆ ಹೋಗಬೇಕಾದರೆ ಅದರ ಕೆಳಗೆ ನುಸಿಯಬೇಕು. "ನಮ್ಮನೆ ಒಳಗೆ ಬರೋರು ಯಾರಾದ್ರೂ ಸರಿ, ತಲೆ ಬಗ್ಗಿಸ್ಲೇಬೇಕು" ಎಂದು ದೊಡ್ಡಮ್ಮ ಜಂಬದಿಂದ ಹೇಳಿಕೊಳ್ಳುತ್ತಾಳೆ. ಬೀದಿಯ ಮಕ್ಕಳು ಅದನ್ನು ಆನೆ ಎಂದು ಕರೆಯುತ್ತವೆ.

ಮಾಮೂಲಿ ಹೊಲಿಗೆಯಲ್ಲಿ ಸೂಜಿ ನಿಂತಲ್ಲೇ ಕುಣಿಯುತ್ತದೆ, ಬಟ್ಟೆ ಓಡುತ್ತದೆ. ಇಲ್ಲಿ ತಿರುಗುಮುರುಗು. ಬಟ್ಟೆಯನ್ನು ಎರಡು ಉರುಳೆಗಳ ನಡುವೆ ಬಿಗಿಯಾಗಿ ಮಲಗಿಸಿ, ಮೆಷಿನ್ನಿನ ಎರಡು ಹಿಡಿಗಳನ್ನು ಹಿಡಿದು ಅದನ್ನೇ ಬಟ್ಟೆಯ ಮೇಲೆ ಓಡಿಸಬೇಕು. ನಿಂತುಕೊಂಡು, ಇಡೀ ಮೈಯಿಂದ ಓಡಿಸಬೇಕು. ಬಳ್ಳಿ, ಅಲೆ, ಸುರುಳಿ, ಗರಿ, ಏನು ಮನಸ್ಸಿಗೆ ಬರುತ್ತದೋ ಅದನ್ನು ದೊಡ್ಡಮ್ಮ ದಾರದಲ್ಲಿ ಬರೆಯುತ್ತಾಳೆ. ಆ ಹೊತ್ತಿನಲ್ಲಿ ಅವಳ ಹುಬ್ಬು ಸಡಿಲವಾಗುತ್ತದೆ, ಸೊಂಟ ತಾನಾಗಿ ತೂಗುತ್ತದೆ. ಮೆಷಿನ್ನು ನಿಲ್ಲಿಸಿದ ಕೂಡಲೆ ಹುಬ್ಬು ಮತ್ತೆ ಗಂಟು.

ಚಿಂದಿ ಆರಿಸುವುದಂತೂ ಅವಳಿಗೆ ಊಟಕ್ಕಿಂತ ರುಚಿ. "ಅಂಗಡಿಗೆ ಹೋಗಿ ಹೊಂದೋ ಬಣ್ಣ ಯಾರು ಬೇಕಾದ್ರೂ ತರ್ತಾರೆ. ಹೊಂದದೇ ಇರೋದನ್ನ ಪಕ್ಕಪಕ್ಕ ಕೂರಿಸಿ ಜಗಳ ಬಿಡಿಸ್ಬೇಕು, ಅದು ಕೆಲಸ" ಎನ್ನುತ್ತಾಳೆ. ಯಾರೂ ಮುಟ್ಟದ ಮಣ್ಣುಬಣ್ಣದ ತುಂಡೊಂದು ಸರಿಯಾದ ಹಸಿರಿನ ಪಕ್ಕಕ್ಕೆ ಬಂದು ಫಕ್ಕನೆ ಬೆಳಗಿದರೆ, ಒಲೆಯ ಮುಂದೆ ನಿಂತ ದೊಡ್ಡಪ್ಪನನ್ನು ಕೂಗಿ ಕರೆದು ತೋರಿಸುತ್ತಾಳೆ. ಅವರು ಚೌಕಟ್ಟಿನ ಕೆಳಗೆ ನುಸಿದು ಬಂದು, ನೋಡಿ, "ಹ್ಞೂಂ" ಎಂದು, ಮತ್ತೆ ನುಸಿದು ಹೋಗುತ್ತಾರೆ. ಅಷ್ಟು ಸಾಕು ಅವಳಿಗೆ.

ಗಿರಾಕಿಗಳಿಗೆ ಬೈಗುಳ ತಪ್ಪಿದ್ದಲ್ಲ. ಶಾಲೆಯ ಟೀಚರೊಬ್ಬರು ತಂದ ಮೇಲುಬಟ್ಟೆಯ ಅಂಚು ಅಲೆಅಲೆಯಾಗಿ ಏಳುತ್ತಿತ್ತು. "ಇದೇನು ಟೀಚರೇ, ಅಂಚಾ, ಆನೆ ಕಿವಿಯಾ? ಮಕ್ಕಳಿಗೆ ಸ್ಕೇಲಲ್ಲಿ ಹೊಡೀತೀರಲ್ಲ, ಅದೇ ಸ್ಕೇಲಲ್ಲಿ ಒಂದ್ಸಲ ಅಳತೆ ಹಿಡೀಬಾರದಾ?" ಎಂದಳು. ಟೀಚರು ನಕ್ಕು ಕೊಟ್ಟುಹೋದರು. ಅವರು ಹೋದ ಮೇಲೆ ಅಂಚನ್ನು ಬಿಚ್ಚಿ, ಅಳೆದು, ಹೊಸದಾಗಿ ಕೂರಿಸಿದವಳು ಇವಳೇ. ಜನ ಮತ್ತೆ ಮತ್ತೆ ಬರುವುದು ಅದಕ್ಕೇ.

ಈ ಮೆಷಿನ್ನಿಗಿಂತ ಮೊದಲು ದೊಡ್ಡಮ್ಮ ಊರಂಚಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದಳು. ಅಲ್ಲಿ ಅವಳ ಹೆಸರೇ ಕತ್ತರಿ. ಕೈಯಲ್ಲಿದ್ದದ್ದಕ್ಕೆ ಅರ್ಧ, ಬಾಯಲ್ಲಿದ್ದದ್ದಕ್ಕೆ ಅರ್ಧ. ಅವಳ ಜೀವದ ಗೆಳತಿ ಗುಂಡಿ ಹಚ್ಚುವವಳು, ಆದ್ದರಿಂದ ಅವಳು ಗುಂಡಿ. ಊಟದ ಹೊತ್ತಿಗೆ ಇಬ್ಬರೂ ಒಂದೇ ಬೆಂಚು.

ಅಂಗಿ ಕತ್ತರಿಸಿ ಉಳಿದ ಚೂರುಗಳನ್ನು ಅಲ್ಲಿ ದಿನವೂ ಗುಡಿಸಿ, ಹಿಂದಿನ ಅಂಗಳದಲ್ಲಿ ರಾಶಿ ಹಾಕಿ ಸುಡುತ್ತಿದ್ದರು. ಒಂದು ಎಳೆಯೂ ಹೊರಗೆ ಹೋಗಬಾರದೆಂಬುದು ಕಾರ್ಖಾನೆಯ ನಿಯಮ. ಆದರೂ ಹೆಂಗಸರು ಊಟದ ಡಬ್ಬಿಯಲ್ಲಿ ಒಂದೊಂದು ಹಿಡಿ ಒಯ್ಯುತ್ತಿದ್ದರು. ಮಗುವಿಗೆ ಹೊದಿಕೆ, ದಿಂಬಿಗೆ ಚೀಲ, ಕಾಲೊರಸು. ಇದು ಸೂಪರ್‌ವೈಸರನಿಗೂ ಗೊತ್ತಿತ್ತು. ಅವನ ಸೈಕಲ್ಲಿನ ಸೀಟಿಗೆ ಸುತ್ತಿದ್ದದ್ದೂ ಅದೇ ಚೂರು.

ಒಂದು ದಿನ ಉಗ್ರಾಣದಿಂದ ಒಂದು ಇಡೀ ಥಾನು ಬಟ್ಟೆ ಕಾಣೆಯಾಯಿತು. ಧಣಿ ಖುದ್ದಾಗಿ ಬಂದು ಕೂತಿದ್ದರು. ಸೂಪರ್‌ವೈಸರನಿಗೆ ಸಂಜೆಯೊಳಗೆ ಒಬ್ಬ ಕಳ್ಳ ಬೇಕಾಗಿತ್ತು. ಗೇಟಿನಲ್ಲಿ ಸಾಲು ನಿಲ್ಲಿಸಿ ಚೀಲ ತಪಾಸಣೆ ಶುರು ಮಾಡಿದ. ಸಾಲಿನ ಮುಂದಿದ್ದವಳು ದೊಡ್ಡಮ್ಮ. ಡಬ್ಬಿಯಲ್ಲಿ ಒಂದು ಹಿಡಿ ನೀಲಿ ಚೌಕುಳಿ ಚೂರು. ಅವನು ಡಬ್ಬಿಯನ್ನು ತಲೆಯ ಮೇಲಕ್ಕೆತ್ತಿ ಎಲ್ಲರಿಗೂ ಕಾಣುವಂತೆ ಅಲ್ಲಾಡಿಸಿ, "ನೋಡ್ಕೊಳ್ಳಿ, ಕಳ್ಳಿ ಸಿಕ್ಕಳು" ಎಂದ. ಒಂದು ಹಿಡಿ ಚೂರಿನಲ್ಲಿ ಒಂದು ಥಾನು ಹೇಗೆ ಅಡಗುತ್ತದೆಂದು ಯಾರೂ ಕೇಳಲಿಲ್ಲ. ತಪಾಸಣೆ ಅಲ್ಲಿಗೇ ನಿಂತಿತು. ಹಿಂದಿದ್ದವರೆಲ್ಲ ತಮ್ಮ ಡಬ್ಬಿಗಳನ್ನು ಎದೆಗೆ ಅವುಚಿಕೊಂಡು ಮನೆಗೆ ಹೋದರು. ಅವಳ ಬೆನ್ನಿಗೇ ನಿಂತಿದ್ದವಳು ಗುಂಡಿ. ಅವಳೂ ಹೋದಳು.

ಮಾರನೆಯ ದಿನದಿಂದ ಕೆಲಸವಿಲ್ಲ. ಅದು ದೊಡ್ಡದಲ್ಲ. ಬೇರೆ ಕಾರ್ಖಾನೆಗೆ ಹೋದರೆ ಅವಳಿಗಿಂತ ಮೊದಲು ಆ ಮಾತು ಹೋಗಿ ಕೂತಿರುತ್ತಿತ್ತು. ಮನೆಯ ಮಾಲೀಕರ ಹೆಂಡತಿ ಹಿತ್ತಲ ಬಾಗಿಲಿಗೆ ಬೀಗ ಹಾಕತೊಡಗಿದಳು. ಕಿರಾಣಿ ಅಂಗಡಿಯವನು ತೂಕ ಹಾಕುವಾಗ ತಕ್ಕಡಿಯನ್ನು ಬಿಟ್ಟು ಇವಳ ಕೈಯನ್ನು ನೋಡುತ್ತಿದ್ದ. ದೊಡ್ಡಮ್ಮನ ಮಗಳು ಶಾಲೆಯಿಂದ ಅಳುತ್ತ ಬಂದದ್ದುಂಟು. ಪಕ್ಕದ ಹುಡುಗಿ ಪೆನ್ಸಿಲ್ ಕಳೆದುಕೊಂಡಿದ್ದಳು, ಎಲ್ಲರೂ ಇವಳ ಚೀಲವನ್ನೇ ಮೊದಲು ಬಿಚ್ಚಿದ್ದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಕಣೇ" ಎಂದು ನನ್ನ ಅಮ್ಮ ಸಮಾಧಾನ ಹೇಳಲು ಹೋದಾಗ ದೊಡ್ಡಮ್ಮ ಹಾರಿ ಬಿದ್ದಳು. "ನನ್ನದು ಹೋಗಿಲ್ಲ! ಅವನು ಕಿತ್ಕೊಂಡಿದ್ದು. ಕಿತ್ಕೊಂಡವನು ತಂದು ಕೊಡ್ಲಿ."

ಹನ್ನೆರಡು ವರ್ಷ ಕಳೆದ ಮೇಲೆ ಅವನೇ ಬಂದ.

ಸೂಪರ್‌ವೈಸರ್ ಈಗ ಮ್ಯಾನೇಜರ್ ಆಗಿದ್ದ. ನಾನು ಅಂದು ಅಲ್ಲೇ ಇದ್ದೆ. ಬಾಗಿಲಲ್ಲಿ ನಿಂತು, ಚೌಕಟ್ಟಿನಾಚೆ ಇದ್ದ ಕುರ್ಚಿಯನ್ನು ನೋಡಿ, ಅಲ್ಲಿಗೆ ಹೋಗಲು ಬಗ್ಗಬೇಕೆಂಬುದನ್ನೂ ನೋಡಿ, ನಿಂತೇ ಮಾತಾಡಿದ.

"ಚೆನ್ನಾಗಿದ್ದೀರಾ ಅಮ್ಮಾ?"

"ಯಾರಿಗೆ ಅಮ್ಮ? ನಿಮ್ಮಮ್ಮನೂ ಕಳ್ಳೀನಾ?"

ದೊಡ್ಡಪ್ಪ ಒಳಗಡೆ ಜೋರಾಗಿ ಕೆಮ್ಮಿದರು. ಮ್ಯಾನೇಜರ್ ನಗಲು ನೋಡಿದ. "ಹಳೇದೆಲ್ಲ ಯಾಕೆ ಈಗ, ಬಿಡಿ."

"ಬಗಲಲ್ಲಿ ಇಟ್ಕೊಂಡಿದ್ದೀರಲ್ಲ ಗಂಟು, ಅದೂ ಹಳೇ ಚಿಂದೀನೇ. ಅದನ್ನ ಯಾಕೆ ಹೊತ್ಕೊಂಡು ಬಂದ್ರಿ?"

ವಿಷಯ ಹೀಗಿತ್ತು. ಕಾರ್ಖಾನೆಗೆ ಹೊರದೇಶದಿಂದ ಬಟ್ಟೆ ಕೊಳ್ಳುವವರು ಬರುವವರಿದ್ದರು. ತಮ್ಮಲ್ಲಿ ಒಂದು ಚೂರು ಬಟ್ಟೆಯೂ ವ್ಯರ್ಥವಾಗುವುದಿಲ್ಲವೆಂದು ಅವರಿಗೆ ತೋರಿಸಬೇಕು. ಅದಕ್ಕಾಗಿ ಕೆಲಸದ ಹೆಂಗಸರಿಂದಲೇ ಚೂರುಗಳನ್ನು ಜೋಡಿಸಿ ಗೋಡೆಯುದ್ದದ ಕೌದಿಯ ಮೇಲುಬಟ್ಟೆ ಮಾಡಿಸಿದ್ದರು. ಅತಿಥಿಗಳ ಕೋಣೆಯಲ್ಲಿ ತೂಗುಹಾಕಲು. ಮೂರು ಪದರ ಸೇರಿಸಿ ಹೊಲಿಯುವ ಮೆಷಿನ್ ಇರುವುದು ಇಡೀ ಊರಿನಲ್ಲಿ ದೊಡ್ಡಮ್ಮನ ಹತ್ತಿರ ಮಾತ್ರ.

ಅವಳು ಗಂಟು ಬಿಚ್ಚಲಿಲ್ಲ.  

"ನಾನು ಒಯ್ದಾಗ ಇದು ಕಳ್ಳಮಾಲು. ಈಗ ನಿಮ್ಮ ಗೋಡೆಗೆ ಅಲಂಕಾರ."

"ನಿಯಮ ಆಗ ಹಾಗಿತ್ತು..."

"ಹೊಲೀತೀನಿ" ಎಂದಳು ದೊಡ್ಡಮ್ಮ. ನನಗೇ ಆಶ್ಚರ್ಯವಾಯಿತು. "ನನಗೆ ಒಂದೇ ಒಂದು ಬೇಕು. ಸಾಲು ಬಿಡೋ ಹೊತ್ತಿಗೆ ಗೇಟಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ, ಇವಳು ಕಳ್ಳಿ ಅಲ್ಲ, ನಾನು ತಪ್ಪು ಮಾಡ್ದೆ ಅನ್ಬೇಕು. ಅದಾದ ಮೇಲೆ ಕೌದಿ ನಿಮ್ಮ ಕೈಗೆ."

"ಅಷ್ಟೇ ತಾನೆ? ಆಯ್ತು ಬಿಡಿ, ಅದಕ್ಕೇನಂತೆ" ಎಂದು ಮ್ಯಾನೇಜರ್ ಗಂಟನ್ನು ಹೊಸ್ತಿಲ ಮೇಲಿಟ್ಟು ಹೋದ.

ಮಾರನೆಯ ಬೆಳಿಗ್ಗೆ ಅಡಿಬಟ್ಟೆ ಬಿಗಿದು, ಹತ್ತಿ ಹಾಸಿ, ಮೇಲುಬಟ್ಟೆ ಏರಿಸಿ ಮೆಷಿನ್ ಶುರು ಮಾಡಿದಳು. ಒಂದು ಮೊಳ ಹೋಗಿರಲಿಲ್ಲ, ಸೂಜಿ ಲಟಕ್ಕೆಂದು ಮುರಿಯಿತು. ಹೊಸದು ಹಾಕಿದಳು. ಅದೂ ಮುರಿದು ತುದಿ ಹಾರಿ ಕಿಟಕಿಗೆ ಬಡಿಯಿತು. ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದವಳು ಕೂಗಿದ್ದು ಬೀದಿಯ ಆಚೆ ಬದಿಗೆ ಕೇಳಿಸಿತು.

"ಓವರ್‌ಲಾಕ್ ಹೊಡೆದಿದ್ದಾರೆ ಮುಂಡೇವು!"

ಕಾರ್ಖಾನೆಯ ಕೈಗಳು ಅವು. ಹಗಲೆಲ್ಲ ಅಂಗಿ ಹೊಲಿದು ಅಭ್ಯಾಸ. ಅಂಗಿಯ ಹೊಲಿಗೆ ಒಗೆದರೂ ಎಳೆದರೂ ಬಿಡಬಾರದು, ಅದಕ್ಕೆ ಅಗಲ ಅಂಚು ಬಿಟ್ಟು, ತುದಿಗಳನ್ನು ದಾರದಿಂದ ಸುತ್ತಿ ಗಟ್ಟಿ ಮಾಡುತ್ತಾರೆ. ಕೌದಿಗೆ ಅದು ವಿಷ. ಕೌದಿಯಲ್ಲಿ ಅಂಚು ಕಿರುಬೆರಳ ಉಗುರಿನಷ್ಟಿದ್ದು ಮೆತ್ತಗೆ ಮಲಗಬೇಕು. ಇಲ್ಲಿ ನಾಲ್ಕು ತುಂಡು ಕೂಡಿದ ಮೂಲೆಮೂಲೆಯಲ್ಲೂ ಹುಣಸೆ ಬೀಜದಷ್ಟು ಗಟ್ಟಿ ಗಂಟು. ಇಂಥ ನೂರಾರು ಗಂಟುಗಳಿದ್ದವು.

"ವಾಪಸ್ ಕಳಿಸಿಬಿಡು" ಎಂದರು ದೊಡ್ಡಪ್ಪ. "ನಿನ್ನ ತಪ್ಪಲ್ವಲ್ಲ."

"ಕಳಿಸಿದ್ರೆ ಅವನು ಗೇಟಿಗೆ ಬರ್ತಾನಾ? ಹೋಗಿ ಆ ಗುಂಡಿಗೆ ಹೇಳಿ. ಹೊಲಿದ ಕೈಗಳೇ ಬಂದು ಬಿಚ್ಚಲಿ."

ಗುಂಡಿಯ ಹೆಸರು ಆ ಮನೆಯಲ್ಲಿ ಹನ್ನೆರಡು ವರ್ಷಗಳಲ್ಲಿ ಅದೇ ಮೊದಲು ಕೇಳಿಸಿದ್ದು. ದೊಡ್ಡಪ್ಪ ಮರುಮಾತಿಲ್ಲದೆ ಚಪ್ಪಲಿ ಮೆಟ್ಟಿದರು.

ರಜೆಯ ದಿನ ಮೂವರು ಬಂದರು. ಗುಂಡಿ, ಕಾಲರ್ ಹಚ್ಚುವವಳು, ಇಸ್ತ್ರಿಯವಳು. ಗುಂಡಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೌಕಟ್ಟಿನ ಕೆಳಗೆ ನುಸಿಯುವಾಗ ಮಂಡಿ ಹಿಡಿದುಕೊಂಡಳು. ದೊಡ್ಡಮ್ಮ ಕೈ ಕೊಡಲಿಲ್ಲ.

ಎಲ್ಲರೂ ನೆಲದ ಮೇಲೆ ಕೂತು, ಮೇಲುಬಟ್ಟೆಯನ್ನು ಮಂಡಿಗಳ ಮೇಲೆ ಹರಡಿಕೊಂಡು, ಸಣ್ಣ ಬ್ಲೇಡಿನಿಂದ ದಾರ ಕೀಳುತ್ತ ಹೋದರು. ನನ್ನ ಕೈಗೂ ಒಂದು ಬ್ಲೇಡು ಬಂತು. 

ಕಾಲರಿನವಳೇ ಮೊದಲು ಬಾಯಿ ಬಿಟ್ಟಳು. "ಅಲ್ಲಾ ಕತ್ತರಿ ಅಕ್ಕಾ, ಇಷ್ಟು ದೊಡ್ಡ ಮೆಷಿನ್ನು ಮನೇಲಿಟ್ಟು ಅಣ್ಣ ಎಲ್ಲಿ ಮಲಗ್ತಾರೆ?"

"ಅದರ ಕೆಳಗೆ" ಎಂದರು ದೊಡ್ಡಪ್ಪ ಅಡುಗೆಮನೆಯಿಂದ. "ಮೇಲೊಂದು ಸೂಜಿ, ಪಕ್ಕದಲ್ಲೊಂದು ಸೂಜಿ."

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಅವಳು ಗುಂಡಿಯ ಬೆರಳುಗಳನ್ನೇ ನೋಡುತ್ತಿದ್ದಳು.

"ಮೆಲ್ಲಗೆ ಎಳಿ, ಬಟ್ಟೆ ಹರಿಯುತ್ತೆ. ನಿನಗೆ ಕೈ ಬಿಡೋದು ಬೇಗ ಬರುತ್ತೆ, ಗೊತ್ತು ನನಗೆ."

ಇಸ್ತ್ರಿಯವಳು ತಲೆ ತಗ್ಗಿಸಿದಳು. ಗುಂಡಿ ಬ್ಲೇಡನ್ನು ನೆಲದ ಮೇಲಿಟ್ಟಳು.

"ಬಾ, ಇವತ್ತು ಆಡೇ ಬಿಡು. ಹನ್ನೆರಡು ವರ್ಷದಿಂದ ಬೀದೀಲಿ ಎದುರು ಬಂದ್ರೆ ಆ ಕಡೆ ದಾಟ್ತೀಯ. ಏನು ಮಾಡ್ಬೇಕಿತ್ತು ನಾನು?"

"ಬಾಯಿ ಇತ್ತಲ್ಲ? ತೆಗೀಬೇಕಿತ್ತು."

"ತೆಗೆದಿದ್ರೆ?"

"ನಿನ್ನ ಡಬ್ಬೀಲೂ ಇತ್ತು. ಎಲ್ಲರ ಡಬ್ಬೀಲೂ ಇತ್ತು. ಎಲ್ಲರೂ ಅಂದಿದ್ರೆ ಅವನು ಎಷ್ಟು ಜನಾನ ಕಳಿಸ್ತಿದ್ದ?"

"ಎಲ್ಲರೂ ಅನ್ನಲ್ಲ ಕತ್ತರಿ! ನಾನು ಒಬ್ಬಳು ಅಂತಿದ್ದೆ, ಅವನು ಇಬ್ಬರನ್ನ ಕಳಿಸ್ತಿದ್ದ. ಅಷ್ಟೇ ಆಗ್ತಿದ್ದದ್ದು. ನನ್ನ ಗಂಡ ಹಾಸಿಗೆ ಹಿಡಿದಿದ್ದ. ಮಕ್ಕಳು ಇಷ್ಟಿಷ್ಟು. ನಿನ್ನ ಸಿಟ್ಟು ಬಂದು ನಮ್ಮನೆ ಒಲೆ ಹಚ್ತಿತ್ತಾ?"

"ಅವತ್ತು ಬೇಡ. ಮಾರನೇ ದಿನ ಮನೆಗೆ ಬಂದು ಒಂದು ಮಾತು ಆಡಬಹುದಿತ್ತಲ್ಲ?"

ಗುಂಡಿ ಬ್ಲೇಡು ತೆಗೆದುಕೊಂಡು ಮತ್ತೆ ದಾರ ಕೀಳತೊಡಗಿದಳು. ಅವಳ ಕಣ್ಣಿನಿಂದ ನೀರು ಬಟ್ಟೆಯ ಮೇಲೆ ಬಿತ್ತು. "ಅಳೋದಾದ್ರೆ ಆ ಕಡೆ ತಿರುಗಿ ಅಳು, ಈ ಕೆಂಪು ಬಣ್ಣ ಬಿಡುತ್ತೆ" ಎಂದಳು ದೊಡ್ಡಮ್ಮ. ಕಾಲರಿನವಳಿಗೆ ನಗು ತಡೆಯಲಾಗದೆ ಬಾಯಿಗೆ ಬಟ್ಟೆ ಒತ್ತಿಕೊಂಡಳು. ಗುಂಡಿಯೂ ಅಳುತ್ತಲೇ, "ಪಿಶಾಚಿ" ಎಂದಳು.

ಇನ್ನೆರಡು ರಜೆಯ ದಿನ ಅವರು ಬಂದು ಕೂತರು. ಬಿಚ್ಚಿ, ಅಂಚು ಕತ್ತರಿಸಿ, ಇಸ್ತ್ರಿಯವಳ ಕೈಯಲ್ಲಿ ಮಲಗಿಸಿ, ಕಿರುಬೆರಳ ಉಗುರಿನಷ್ಟೇ ಅಂಚು ಬಿಟ್ಟು ಮತ್ತೆ ಜೋಡಿಸಿದರು. ಅಷ್ಟರಲ್ಲಿ ಆ ಬಟ್ಟೆಯ ಮೇಲೆ ಅವರಿಗೊಂದು ಮೋಹ ಹುಟ್ಟಿತ್ತು. ಕಾರ್ಖಾನೆಯಲ್ಲಿ ಹೇಳಿದರೆಂದು ಹೊಲಿದಿದ್ದರು. ಇಲ್ಲಿ ಕೂತು, "ಈ ಹಳದಿ ಬೇಡ, ಅದು ಒಂಟಿ ಅನ್ಸುತ್ತೆ, ಈ ಕಡೆ ತಾ" ಎಂದು ಜಗಳವಾಡಿದರು. ದೊಡ್ಡಮ್ಮ ಗುಂಡಿಯೊಂದಿಗೆ ಬಟ್ಟೆಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಬಟ್ಟೆಯ ವಿಷಯ ಬೇಕಾದಷ್ಟು ಮಾತಾಡಿದಳು.

ಮೇಲುಬಟ್ಟೆ ಮತ್ತೆ ಚೌಕಟ್ಟಿಗೆ ಏರಿತು. ಮೊದಲ ದಿನ ಅವಳು ಮೆಷಿನ್ನನ್ನು ಓಡಿಸಿದ್ದು ನೋಡಲಾಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ಒಂದೇ ಕಡೆ ಹಿಂದೆ ಮುಂದೆ, ಹಿಂದೆ ಮುಂದೆ. ಮಧ್ಯಾಹ್ನ ದೊಡ್ಡಪ್ಪ ಬಂದು ಹೊಲಿದ ಭಾಗವನ್ನು ಬೆರಳಿನಿಂದ ತಟ್ಟಿದರು. ಟಕಟಕ ಎಂದಿತು. ದಾರ ಅಷ್ಟು ಒತ್ತಾಗಿ ಬಿದ್ದರೆ ಹತ್ತಿ ಉಸಿರು ಕಟ್ಟಿ ಸಾಯುತ್ತದೆ, ಕೌದಿ ಹಲಗೆಯಾಗುತ್ತದೆ.

"ಇದನ್ನ ಗೋಡೆಗೆ ತೂಗುಹಾಕೋದು ಬೇಡ. ಬಾಗಿಲಿಗೇ ಹಾಕ್ಕೊಳ್ಳಲಿ" ಎಂದರು.

ದೊಡ್ಡಮ್ಮ ಅವರನ್ನು ಸುಡುವಂತೆ ನೋಡಿದಳು. ಸಂಜೆಯವರೆಗೆ ಕೂತು ಅದಷ್ಟನ್ನೂ ಬಿಚ್ಚಿದಳು. "ಸಿಟ್ಟು ಅವನ ಮೇಲೆ, ಹೊಡೆದದ್ದು ಇದನ್ನ" ಎಂದು ತನಗೆ ತಾನೇ ಬೈದುಕೊಂಡಳು. ಮಾರನೆಯ ದಿನ ಹಿಡಿಗಳನ್ನು ಸಡಿಲವಾಗಿ ಹಿಡಿದು ಹೊಸದಾಗಿ ಆರಂಭಿಸಿದಳು. ಗಾಳಿಗೆ ಬಗ್ಗಿದ ಹುಲ್ಲಿನಂತೆ ಉದ್ದುದ್ದ ಗೆರೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಿದವು. ಕೊನೆಗೆ ಚೌಕಟ್ಟಿನಿಂದ ಇಳಿಸಿ ಅಂಗಳದಲ್ಲಿ ಹರಡಿದಾಗ, ಬೀದಿಯವರು ಬಾಗಿಲಿಗೆ ಬಂದು ನಿಂತರು. ಎಷ್ಟೋ ಅಂಗಿಗಳಿಂದ ಬಿದ್ದ ಚೂರು, ಒಂದೂ ಇನ್ನೊಂದಕ್ಕೆ ಹೊಂದುವಂಥದ್ದಲ್ಲ, ಆದರೂ ಕಣ್ಣು ಎಲ್ಲಿಯೂ ಎಡವುತ್ತಿರಲಿಲ್ಲ. ದೊಡ್ಡಮ್ಮ ಅದರ ಸುತ್ತ ಒಂದು ಸುತ್ತು ಬಂದು, "ಹಾಳಾದ್ದು, ಚೆನ್ನಾಗೇ ಬಂದಿದೆ" ಎಂದಳು. ಅವಳ ದನಿಯಲ್ಲಿ ಹೊಟ್ಟೆಯುರಿ ಇತ್ತು. ಇಂಥದ್ದು ಅವನ ಗೋಡೆಗೆ ಹೋಗಬೇಕಲ್ಲ ಎಂದು.

ಮ್ಯಾನೇಜರ್ ತಾನು ಬರದೆ ಡ್ರೈವರನನ್ನು ಕಳಿಸಿದ. ದೊಡ್ಡಮ್ಮ ಬರಿಗೈಯಲ್ಲಿ ವಾಪಸು ಅಟ್ಟಿದಳು. "ನಾನೇ ತರ್ತೀನಿ ಅಂತ ಹೇಳು. ಸಾಲು ಬಿಡೋ ಹೊತ್ತಿಗೆ."

ಕೌದಿ ಭಾರವಿತ್ತು. ಒಂದು ತುದಿ ಅವಳ ಹೆಗಲಿಗೆ, ಇನ್ನೊಂದು ನನ್ನ ಹೆಗಲಿಗೆ. ನಾವು ಹೋದಾಗ ಗೇಟಿನ ಒಳಗೆ ಹೆಂಗಸರು ಸಾಲಾಗಿ ನಿಂತಿದ್ದರು, ವಾಚ್‌ಮನ್ ಒಂದೊಂದೇ ಚೀಲ ತೆಗೆಸಿ ನೋಡುತ್ತಿದ್ದ. ಅತಿಥಿಗಳು ಇನ್ನೇನು ಬರುವವರಿದ್ದರೆಂದು ದಾರಿಗೆ ನೀರು ಚಿಮುಕಿಸಿದ್ದರು. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಓಡಿ ಬಂದ.

"ಬನ್ನಿ ಬನ್ನಿ, ಒಳಗೆ ಬನ್ನಿ, ಟೀ ಕುಡಿದು ಮಾತಾಡೋಣ."

"ಇಲ್ಲೇ. ಹೇಳಿ."

ಅವನು ಆ ಕಡೆ ಈ ಕಡೆ ನೋಡಿ, ಹತ್ತಿರ ಬಂದು, ಗುಟ್ಟು ಹೇಳುವವನಂತೆ ಗೊಣಗಿದ. "ಆವಾಗ ಏನೋ ಆಗಿಹೋಯ್ತು. ಮನಸ್ಸಿಗೆ ಹಚ್ಕೋಬೇಡಿ."

"ಅವತ್ತು ಇಷ್ಟು ಸಣ್ಣ ದನಿ ಇರ್ಲಿಲ್ಲ ನಿಮಗೆ. ಅವರಿಗೆ ಕೇಳೋ ಹಾಗೆ ಹೇಳಿ."

"ನಾನು ಮ್ಯಾನೇಜರ್ ಕಣ್ರೀ. ಕೆಲಸದವರ ಎದುರಿಗೆ ಹೀಗೆಲ್ಲ ಹೇಳಿದ್ರೆ ನಾಳೆ ಯಾರು ಮಾತು ಕೇಳ್ತಾರೆ? ಅರ್ಥ ಮಾಡ್ಕೊಳ್ಳಿ." ರಸ್ತೆಯ ಕಡೆ ನೋಡಿದ.  "ಕೊಡಿ ಅದನ್ನ."

"ಹೇಳ್ದೆ ಕೊಡಲ್ಲ."

ಅವನ ಮುಖ ಬದಲಾಯಿತು. ನಾನು ಕಂಡಿರದ ಆ ಹಳೆಯ ಸೂಪರ್‌ವೈಸರ್ ಹೊರಗೆ ಬಂದ. ಗಂಟಲೆತ್ತಿ ಕಿರುಚಿದ. "ಇದು ಕಂಪನಿ ಬಟ್ಟೆ! ಇಟ್ಕೊಂಡ್ರೆ ಕಳ್ಳತನ ಆಗುತ್ತೆ, ಗೊತ್ತಾ?"

ಈ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ವಾಚ್‌ಮನ್ ಚೀಲ ನೋಡುವುದನ್ನು ನಿಲ್ಲಿಸಿದ.  ದೊಡ್ಡಮ್ಮನಿಗೆ ಮಾತು ನಿಂತದ್ದನ್ನು ನಾನು ಅದೊಂದೇ ಸಲ ಕಂಡದ್ದು. 

"ಯಾವ ಕಳ್ಳತನ ಸಾರ್?"

ಸಾಲಿನಿಂದ ಹೊರಗೆ ಬಂದವಳು ಗುಂಡಿ. ಮಂಡಿ ನೋವಿಗೆ ಕುಂಟುತ್ತ ಬಂದಳು.

"ನೀನು ಸಾಲಲ್ಲಿ ನಿಲ್ಲು" ಎಂದ ಮ್ಯಾನೇಜರ್.

"ಬಹಳ ವರ್ಷ ನಿಂತಿದ್ದೀನಿ. ಅವತ್ತು ಇವಳ ಬೆನ್ನಿಗೇ ನಿಂತಿದ್ದೆ. ನನ್ನ ಡಬ್ಬೀಲಿ ಇವಳದ್ದಕ್ಕಿಂತ ಜಾಸ್ತಿ ಇತ್ತು. ನೀವು ನೋಡ್ಲಿಲ್ಲ, ನಿಮಗೆ ಒಬ್ಬಳು ಸಾಕಾಗಿತ್ತು. ಕಸ ಒಯ್ದದ್ದು ಕಳ್ಳತನ ಆದ್ರೆ ನಾನೂ ಕಳ್ಳಿ. ಥಾನು ಕದ್ದವರು ಯಾರು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಇವಳಲ್ಲ. ಇವಳು ಕಳ್ಳಿ ಅಲ್ಲ!"

ಕೊನೆಯ ಮಾತನ್ನು ಅವಳು ಸಾಲಿನ ಕಡೆ ತಿರುಗಿ, ಕೊರಳ ನರ ಉಬ್ಬಿಸಿ ಕೂಗಿದಳು. ಕಾಲರಿನವಳು ಮುಂದೆ ಬಂದು ಅವಳ ಪಕ್ಕ ನಿಂತಳು. ಇಸ್ತ್ರಿಯವಳು ಅರ್ಧ ಹೆಜ್ಜೆ ಇಟ್ಟು ಅಲ್ಲೇ ನಿಂತುಬಿಟ್ಟಳು. ಮಿಕ್ಕವರೆಲ್ಲ ನೆಲ ನೋಡಿದರು. 

ರಸ್ತೆಯಲ್ಲಿ ಕಾರಿನ ಹಾರನ್ ಕೇಳಿಸಿತು. ಮ್ಯಾನೇಜರ್ ಕೈ ಚಾಚಿ, ಈಗ ಬೇಡುವ ದನಿಯಲ್ಲಿ, "ಕೊಡಿ, ಆಮೇಲೆ ಹೇಳ್ತೀನಿ, ಖಂಡಿತ ಹೇಳ್ತೀನಿ" ಎಂದ.

"ನೀವು ಹೇಳಲ್ಲ" ಎಂದಳು ದೊಡ್ಡಮ್ಮ. ಅವಳ ದನಿ ವಾಪಸು ಬಂದಿತ್ತು. "ಇದನ್ನ ಹೊಲಿದವರು ಇವರು. ಇವರು ಕೊಡು ಅಂದ್ರೆ ಕೊಡ್ತೀನಿ. ಏನೇ ಗುಂಡಿ?"

"ಮನೆಗೆ ಒಯ್ಯಿ" ಎಂದಳು ಗುಂಡಿ.

ವಾಚ್‌ಮನ್ ಮ್ಯಾನೇಜರನ ಮುಖ ನೋಡಿದ. ಕಾರು ತಿರುವಿನಲ್ಲಿ ಕಾಣಿಸಿತು. ಅತಿಥಿಗಳ ಎದುರಿಗೆ ಇಬ್ಬರು ಹೆಂಗಸರಿಂದ ಕೌದಿ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ. ನಾವು ಕಾರಿನ ಪಕ್ಕದಲ್ಲೇ ಅದನ್ನು ಹೊತ್ತು ಬಂದೆವು.

ದಾರಿಯುದ್ದಕ್ಕೂ ದೊಡ್ಡಮ್ಮ ಬೈಯುತ್ತಲೇ ಇದ್ದಳು. ಅವನನ್ನು, ನೆಲ ನೋಡಿದವರನ್ನು, ಗುಂಡಿಯನ್ನು ಕೂಡ. "ಇಷ್ಟು ಚೆನ್ನಾಗಿ ಕಿರುಚೋಕೆ ಬರುತ್ತೆ ಅವಳಿಗೆ. ಹನ್ನೆರಡು ವರ್ಷ ಎಲ್ಲಿಟ್ಟಿದ್ಲು?"

ಅದೇ ವಾರ ಗುಂಡಿಯನ್ನು ಕೆಲಸದಿಂದ ತೆಗೆದರು. ಅವಳು ಹೇಳಿದ್ದ ಲೆಕ್ಕ ಸುಳ್ಳಾಗಲಿಲ್ಲ. ಕಾಲರಿನವಳನ್ನು ಮುಟ್ಟಲಿಲ್ಲ, ಅವಳಷ್ಟು ಬೇಗ ಕಾಲರ್ ಹಚ್ಚುವವರು ಅಲ್ಲಿ ಬೇರೆ ಇರಲಿಲ್ಲ. ಮ್ಯಾನೇಜರ್ ಮ್ಯಾನೇಜರನಾಗಿಯೇ ಇದ್ದಾನೆ. ಅತಿಥಿಗಳ ಕೋಣೆಯ ಗೋಡೆಗೆ ಹೂವಿನ ಚಿತ್ರವೊಂದನ್ನು ತೂಗುಹಾಕಿದನಂತೆ. ಕೌದಿ ಇಸ್ತ್ರಿಯವಳ ಮನೆಗೆ ಹೋಯಿತು. ಅವಳ ಮಗಳಿಗೆ ಆಗಷ್ಟೇ ಹೆರಿಗೆಯಾಗಿತ್ತು. ಅರ್ಧ ಹೆಜ್ಜೆ ಇಟ್ಟವಳಿಗೆ ಪೂರ್ತಿ ಕೌದಿ ಯಾಕೆಂದು ದೊಡ್ಡಮ್ಮ ಗೊಣಗಿದಳು. ಮಗುವನ್ನು ನೋಡಲು ಹೋಗಿ ಅದನ್ನು ಹಾಸಿ ಬಂದವಳೂ ಅವಳೇ.

ಕೆಲಸ ಹೋದ ಮಾರನೆಯ ಬೆಳಿಗ್ಗೆ ಗುಂಡಿ ದೊಡ್ಡಮ್ಮನ ಬಾಗಿಲಿಗೆ ಬಂದಳು. ಕಂಕುಳಲ್ಲಿ ಒಂದು ಗಂಟು, ಮುಖ ಊದಿಕೊಂಡಿತ್ತು.

"ಈಗ ಸಮಾಧಾನ ಆಯ್ತಾ ನಿನಗೆ?"

"ಇಲ್ಲ" ಎಂದಳು ದೊಡ್ಡಮ್ಮ, ಮೆಷಿನ್ ನಿಲ್ಲಿಸದೆ. "ಅವನ ಬಾಯಿಂದ ಬರ್ಬೇಕಿತ್ತು. ಬರ್ಲಿಲ್ಲ."

"ಬರಲ್ಲ ಅದು."

"ಗೊತ್ತು. ಅದಕ್ಕೇ ಸಿಟ್ಟು."

ಗುಂಡಿ ಗಂಟನ್ನು ಹೊಸ್ತಿಲ ಮೇಲಿಟ್ಟಳು. "ನನಗೂ ಸಿಟ್ಟು ಬಂದಿದೆ ಕತ್ತರಿ. ರಾತ್ರಿ ನಿದ್ದೇನೇ ಬರ್ಲಿಲ್ಲ. ಇದನ್ನ ಇಟ್ಕೊಂಡು ಹೇಗೆ ಬದುಕಿದೆ ಇಷ್ಟು ವರ್ಷ?"

ದೊಡ್ಡಮ್ಮ ಆಗ ಮೆಷಿನ್ ನಿಲ್ಲಿಸಿದಳು. ಗೆಳತಿಯನ್ನು ಮೇಲಿಂದ ಕೆಳಗೆ ನೋಡಿದಳು. ಚೌಕಟ್ಟಿನ ಆ ಬದಿಯಲ್ಲಿ, ಕಿಟಕಿಯ ಪಕ್ಕ, ಚಿಂದಿಯ ಎರಡು ಮೂಟೆಗಳನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು.

"ಅಲ್ಲಿ ಕೂರು. ಬಿಳಿ ಬೇರೆ, ಗಾಢ ಬಣ್ಣ ಬೇರೆ ಮಾಡು. ಹೇಳ್ತೀನಿ."